ಎಸ್ಟೋನಿಯಾ ಇ-ರೆಸಿಡೆನ್ಸಿ: ಐದು ವರ್ಷ ಬಳಸಿದ ಮೇಲೆ

ಗೋಕುಲಂಗೆ ಯೋಗ ಕಲಿಯಲು ಬರುವ ವಿದೇಶಿಯರು ಮೈಸೂರಿನವರಿಗೆ ಹೊಸಬರಲ್ಲ. ನನ್ನ ವ್ಯಾಪಾರ ಶುರುವಾಗಿದ್ದೇ ಅವರಿಂದ. ಊರಿಗೆ ಮರಳಿ ತರಗತಿ ನಡೆಸುವ ಟೀಚರ್ ಒಬ್ಬರು, ಸೀಟ್ ಬುಕ್ ಮಾಡಲು ತಮ್ಮ ವೆಬ್‌ಸೈಟ್‌ಗೆ ಏನಾದರೂ ಮಾಡಿಕೊಡಿ ಅಂದರು. ಒಂದು ವರ್ಡ್‌ಪ್ರೆಸ್ ಪ್ಲಗಿನ್ ಬರೆದುಕೊಟ್ಟೆ. ಅದು ಬಾಯಿಂದ ಬಾಯಿಗೆ ಹರಡಿ, 2019ರ ಹೊತ್ತಿಗೆ ಜರ್ಮನಿ, ನೆದರ್ಲೆಂಡ್ಸ್ ಕಡೆ ನಲವತ್ತು ಚಿಲ್ಲರೆ ಗಿರಾಕಿಗಳಾದರು. ತೊಡಕು ಬಂದಿದ್ದು ದುಡ್ಡು ತೆಗೆದುಕೊಳ್ಳುವಾಗ. ಅವರಿಗೆ ಯೂರೋ ಖಾತೆಗೆ ಸೆಪಾ (ಯುರೋಪಿನ ಬ್ಯಾಂಕುಗಳ ನಡುವೆ ಯೂರೋ ಕಳಿಸುವ ವ್ಯವಸ್ಥೆ) ಮೂಲಕ ತಿಂಗಳ ಚಂದಾ ಕಟ್ಟಿ ಅಭ್ಯಾಸ. ನನ್ನ ಹತ್ತಿರ ಇದ್ದದ್ದು ಪೇಪಾಲ್ ಮಾತ್ರ.

ಹಾಗಾಗಿ ಯುರೋಪಿನಲ್ಲೇ ಒಂದು ಕಂಪನಿ ಮಾಡಿ ಯೂರೋ ಖಾತೆ ತೆರೆಯೋಣವೆಂದು ಎಸ್ಟೋನಿಯಾದ ಇ-ರೆಸಿಡೆನ್ಸಿಗೆ ಅರ್ಜಿ ಹಾಕಿದೆ. ಇದು 2014ರ ಡಿಸೆಂಬರ್‌ನಲ್ಲಿ ಶುರುವಾದ ಯೋಜನೆ. ವೀಸಾ ಅಲ್ಲ, ಪೌರತ್ವ ಅಲ್ಲ, ಅಲ್ಲಿ ಹೋಗಿ ಇರುವ ಹಕ್ಕೂ ಅಲ್ಲ. ಅಲ್ಲಿನ ಸರ್ಕಾರ ಕೊಡುವ ಡಿಜಿಟಲ್ ಗುರುತಿನ ಕಾರ್ಡ್, ಅಷ್ಟೆ. ಅದನ್ನಿಟ್ಟುಕೊಂಡು ಮನೆಯಲ್ಲೇ ಕೂತು ಕಂಪನಿ ನೋಂದಾಯಿಸಬಹುದು, ಕಾಗದಪತ್ರಕ್ಕೆ ಸಹಿ ಹಾಕಬಹುದು. ಆಗ ಶುಲ್ಕ 100 ಯೂರೋ ಇತ್ತು. 2020ರ ಜನವರಿಯಲ್ಲಿ ದೆಹಲಿಯ ಎಸ್ಟೋನಿಯಾ ರಾಯಭಾರ ಕಚೇರಿಗೆ ಹೋಗಿ ಬೆರಳಚ್ಚು ಕೊಟ್ಟು ಕಾರ್ಡ್ ತಂದೆ. ಇಪ್ಪತ್ತು ನಿಮಿಷದ ಕೆಲಸಕ್ಕೆ ಮೈಸೂರಿನಿಂದ ದೆಹಲಿಗೆ!

ಕಂಪನಿ ನೋಂದಣಿ ಮಾತ್ರ ನಿಜಕ್ಕೂ ಸಲೀಸು. ರೀಡರ್‌ಗೆ ಕಾರ್ಡ್ ಹಾಕಿ, ಮೊದಲ ಪಿನ್‌ನಿಂದ ಒಳಹೊಕ್ಕು, ಎರಡನೇ ಪಿನ್‌ನಿಂದ ಸಹಿ ಹಾಕಿ, 190 ಯೂರೋ ಕಟ್ಟಿದೆ. ಅದೇ ದಿನ ನೋಂದಣಿ ಸಂಖ್ಯೆ ಬಂತು. ಸಬ್‌ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಅರ್ಧ ದಿನ ಕೂತು ಎದ್ದು ಬಂದವನು ನಾನು. ಸ್ಕ್ರೀನ್ ನೋಡಿ ನಂಬಿಕೆ ಬರಲಿಲ್ಲ.

ಆಮೇಲಿನದ್ದು ಬೇರೆ ಕಥೆ. ಆಡಳಿತ ಎಸ್ಟೋನಿಯಾದ ಹೊರಗಿದ್ದರೆ ಅಲ್ಲೊಂದು ವಿಳಾಸ, ಒಬ್ಬ ಸಂಪರ್ಕ ವ್ಯಕ್ತಿ ಇರಲೇಬೇಕು. ಅದಕ್ಕೆ ಏಜೆಂಟ್ ಹಿಡಿಯಬೇಕು. ನನ್ನ ಮೊದಲ ಏಜೆಂಟ್ ದುಡ್ಡು ತೆಗೆದುಕೊಳ್ಳುವಾಗ ಇದ್ದಷ್ಟು ಚುರುಕು ಮತ್ತೆ ಕಾಣಲಿಲ್ಲ. 2021ರ ಜುಲೈನಿಂದ ಯುರೋಪಿಯನ್ ಯೂನಿಯನ್ನಿನಲ್ಲಿ ವ್ಯಾಟ್ ನಿಯಮ ಬದಲಾಯಿತು. ಬೇರೆ ಸದಸ್ಯ ದೇಶಗಳ ಸಾಮಾನ್ಯ ಗ್ರಾಹಕರಿಗೆ ಮಾಡುವ ಆನ್‌ಲೈನ್ ಮಾರಾಟ ವರ್ಷಕ್ಕೆ 10,000 ಯೂರೋ ದಾಟಿದರೆ ಗ್ರಾಹಕರ ದೇಶದ ದರದಲ್ಲೇ ವ್ಯಾಟ್ ಹಾಕಬೇಕು. ಹಂಗೇರಿಯಾದರೆ 27 ಪರ್ಸೆಂಟ್. ಇದನ್ನು ಏಜೆಂಟ್ ನನಗೆ ಹೇಳಲೇ ಇಲ್ಲ, ಒಬ್ಬ ಗಿರಾಕಿ ಹೇಳಿದರು. ಜೂನ್ 30ರೊಳಗೆ ಸಲ್ಲಿಸಬೇಕಾದ ವಾರ್ಷಿಕ ವರದಿಯನ್ನೂ ತಡ ಮಾಡಿ, ರಿಜಿಸ್ಟ್ರಿಯಿಂದ ನನಗೆ ಎಚ್ಚರಿಕೆ ಪತ್ರ ಬರುವ ಹಾಗೆ ಮಾಡಿದರು. ಏಜೆಂಟನ್ನು ಬದಲಾಯಿಸಿದೆ. ಈಗಿನವರಿಗೆ ತಿಂಗಳಿಗೆ 89 ಯೂರೋ ಕೊಡುತ್ತೇನೆ, ತಲೆನೋವಿಲ್ಲ.

ಇನ್ನು ತೆರಿಗೆ. 'ಎಸ್ಟೋನಿಯಾದಲ್ಲಿ ತೆರಿಗೆ ಸೊನ್ನೆ' ಎಂದು ವಿಡಿಯೊ ಮಾಡುವವರ ಮಾತು ಅರ್ಧ ಸತ್ಯ. ಲಾಭ ಕಂಪನಿಯೊಳಗೇ ಇದ್ದರೆ ಸೊನ್ನೆ. ಡಿವಿಡೆಂಡ್ ಎಂದು ಹೊರತೆಗೆದರೆ 2024ರವರೆಗೆ 20 ಪರ್ಸೆಂಟ್, 2025ರಿಂದ 22. ಆ ಡಿವಿಡೆಂಡ್ ಇಲ್ಲಿ ನನ್ನ ಆದಾಯಕ್ಕೂ ಸೇರುತ್ತದೆ. ಅದಕ್ಕಿಂತ ದೊಡ್ಡ ಪ್ರಶ್ನೆ, ಕೆಲಸ ನಡೆಯುವುದು ಎಲ್ಲಿ? ಕುವೆಂಪುನಗರದ ಮಹಡಿ ಮೇಲಿನ ರೂಮಿನಲ್ಲಿ. ಕೋಡ್ ಬರೆಯುವವನೂ ನಾನೇ, ತೀರ್ಮಾನ ಮಾಡುವವನೂ ನಾನೇ. ಹಾಗಿದ್ದ ಮೇಲೆ ಕಂಪನಿ ಇಲ್ಲಿಯದೇ ಅಲ್ವಾ ಎಂದು ಆದಾಯ ತೆರಿಗೆಯವರು ಕೇಳಬಹುದು. ವರ್ಷಕ್ಕೆ 50 ಕೋಟಿವರೆಗೆ ವಹಿವಾಟು ಇರುವ ಕಂಪನಿಗೆ, ಆಡಳಿತ ಇಲ್ಲಿದ್ದರೆ ಕಂಪನಿಯೂ ಇಲ್ಲಿಯದೇ ಎನ್ನುವ ನಿಯಮ ಇಲ್ಲ ಎಂದು 2017ರ ಸುತ್ತೋಲೆ ಇದೆ, ನಿಜ. ಆದರೆ ಕಂಪನಿಗೆ ಭಾರತದಲ್ಲಿ ಕಾಯಂ ನೆಲೆ (ಇಲ್ಲೇ ತೆರಿಗೆ ಕಟ್ಟಬೇಕಾಗುವಂಥ ವ್ಯಾಪಾರದ ಜಾಗ) ಇದೆಯೇ ಎನ್ನುವ ಪ್ರಶ್ನೆ ಬೇರೆಯದು. ಅದಕ್ಕೆ ನಮ್ಮ ಸಿಎ ಹೇಳಿದ ದಾರಿ: ನಿನ್ನ ಕೆಲಸಕ್ಕೆ ಪ್ರತಿ ತಿಂಗಳು ಕಂಪನಿಗೆ ಬಿಲ್ ಹಾಕು, ದುಡ್ಡಿನ ಬಹುಪಾಲು ಇಲ್ಲಿಗೇ ತಂದು ಇಲ್ಲೇ ತೆರಿಗೆ ಕಟ್ಟು. ಸ್ವಂತ ಕಂಪನಿಗೇ ಬಿಲ್ ಹಾಕುವುದರಿಂದ ವರ್ಷವರ್ಷ ಸಿಎ ಸಹಿಯ 3ಸಿಇಬಿ ವರದಿಯೂ (ಸ್ವಂತ ವಿದೇಶಿ ಕಂಪನಿಯ ಜೊತೆಗಿನ ವ್ಯವಹಾರದ ಲೆಕ್ಕ) ಬೇಕು. ಅಂದರೆ ತೆರಿಗೆ ಉಳಿಯಿತಾ? ಇಲ್ಲ.

ಫೆಮಾ, ಅಂದರೆ ವಿದೇಶಿ ವಿನಿಮಯ ಕಾಯ್ದೆಯ ಲೆಕ್ಕ ಇನ್ನೊಂದು. ಆಗ ಎಸ್ಟೋನಿಯಾದ ಕಂಪನಿಗೆ ಕನಿಷ್ಠ ಷೇರು ಬಂಡವಾಳ 2,500 ಯೂರೋ (2023ರ ಫೆಬ್ರವರಿಯಿಂದ ಆ ಮಿತಿ ಹೋಗಿದೆ, ಒಂದು ಸೆಂಟ್ ಆದರೂ ಸಾಕು). ಅದನ್ನು ಕ್ರೆಡಿಟ್ ಕಾರ್ಡಿನಲ್ಲಿ ಸುಮ್ನೆ ತಳ್ಳುವ ಹಾಗಿಲ್ಲ. ಸಾಗರೋತ್ತರ ಹೂಡಿಕೆ ಎಂದು ಬ್ಯಾಂಕ್ ಮೂಲಕ ಕಳಿಸಿ, ಫಾರಂ ತುಂಬಿ, ಆ ಹೂಡಿಕೆಗೆ ರಿಸರ್ವ್ ಬ್ಯಾಂಕ್ ಕೊಡುವ ಯುಐಎನ್ ಎಂಬ ಗುರುತಿನ ಸಂಖ್ಯೆ ಪಡೆಯಬೇಕು. ನಮ್ಮ ಶಾಖೆಯ ಮ್ಯಾನೇಜರ್ ಪಾಪ, "ಮಗಳ ಓದಿಗಾ ಸರ್?" ಎಂದು ಕೇಳಿದರು. ನನಗೆ ಮದುವೆಯೇ ಆಗಿರಲಿಲ್ಲ. ಫೈಲ್ ಬೆಂಗಳೂರಿಗೆ ಹೋಗಿ ಬರಲು ಏಳು ವಾರ ಹಿಡಿಯಿತು. ಆಮೇಲೆ ಪ್ರತಿ ಡಿಸೆಂಬರ್ 31ರೊಳಗೆ ಕಂಪನಿಯ ವಾರ್ಷಿಕ ಸಾಧನಾ ವರದಿ ಕೊಡಬೇಕು. 2022ರಲ್ಲಿ ಮರೆತೆ, 7,500 ರೂಪಾಯಿ ತಡಶುಲ್ಕ ಕಟ್ಟಿದೆ.

ಐಟಿಆರ್ ಕೂಡ ಬದಲಾಯಿತು. ಮೊದಲು ತುಂಬುತ್ತಿದ್ದ ಸುಗಮ್ ಫಾರಂ ವಿದೇಶದಲ್ಲಿ ಆಸ್ತಿ ಇದ್ದವರಿಗಲ್ಲ. ಈಗ ಐಟಿಆರ್-3, ಅದರಲ್ಲಿ ವಿದೇಶಿ ಆಸ್ತಿ ಬರೆಯುವ ಶೆಡ್ಯೂಲ್ ಎಫ್‌ಎ. ಅಲ್ಲಿ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್ ಅಲ್ಲ, ಜನವರಿಯಿಂದ ಡಿಸೆಂಬರ್. ಇಲ್ಲಿ ಎಡವುವವರೇ ಜಾಸ್ತಿ. ಬರೆಯದೆ ಬಿಟ್ಟರೆ ಕಪ್ಪು ಹಣದ ಕಾಯ್ದೆಯಡಿ 10 ಲಕ್ಷ ದಂಡ. ಮನೆ-ಜಮೀನು ಬಿಟ್ಟು ಉಳಿದ ವಿದೇಶಿ ಆಸ್ತಿ ಒಟ್ಟು 20 ಲಕ್ಷದೊಳಗಿದ್ದರೆ 2024ರ ಅಕ್ಟೋಬರ್‌ನಿಂದ ಆ ದಂಡ ಇಲ್ಲ, ಆದರೂ ಬರೆಯಲೇಬೇಕು.

ಕಾರ್ಡಿನ ಆಯಸ್ಸು ಐದೇ ವರ್ಷ. ಅವಧಿ ಮುಗಿದರೂ ಕಂಪನಿ ಇರುತ್ತದೆ, ನಿಮಗೆ ಸಹಿ ಹಾಕಲು ಆಗುವುದಿಲ್ಲ. ಕಾರ್ಡ್ ನವೀಕರಣ ಅಂತ ಏನೂ ಇಲ್ಲ, ಹೊಸ ಅರ್ಜಿಯೇ. ಹೋದ ವರ್ಷ, 2025ರಲ್ಲಿ, 150 ಯೂರೋ ಕಟ್ಟಿ ಮತ್ತೆ ದೆಹಲಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದೆ.

ಏಜೆಂಟ್, ಇಲ್ಲಿನ ಸಿಎ ಎಲ್ಲ ಸೇರಿ ವರ್ಷಕ್ಕೆ ಒಂದೂವರೆ ಲಕ್ಷದ ಹತ್ತಿರ ಖರ್ಚಿದೆ. ಗಿರಾಕಿಗಳು ಮುನ್ನೂರು ದಾಟಿದ್ದರಿಂದ ನನಗೆ ಗಿಟ್ಟುತ್ತಿದೆ. ನಲವತ್ತು ಗಿರಾಕಿ ಇದ್ದಾಗ ಇದನ್ನು ಮಾಡಿದ್ದು ಅವಸರವಾಯಿತು. ಈಗ ಶುರು ಮಾಡುವುದಾದರೆ ಪ್ಯಾಡಲ್‌ನಂಥ ಸೇವೆಯಲ್ಲಿ ಇಡುತ್ತಿದ್ದೆ. ಅವರೇ ಮಾರಾಟಗಾರರಾಗಿ ನಿಂತು ವ್ಯಾಟ್ ಕಟ್ಟಿ, ಕಮಿಷನ್ ಹಿಡಿದು, ಉಳಿದದ್ದನ್ನು ಇಲ್ಲಿಗೆ ಕಳಿಸುತ್ತಾರೆ.

ಎಸ್ಟೋನಿಯಾ ಸರ್ಕಾರದ ಸೇವೆಗೆ ಐದಕ್ಕೆ ನಾಲ್ಕೂವರೆ. ಅರ್ಧ ಕಡಿಮೆ ಮಾಡಿದ್ದು ದೆಹಲಿ ಟಿಕೆಟ್‌ಗೆ. ಮೊದಲ ಏಜೆಂಟ್‌ಗೆ ಒಂದು.