ಮೂರು ವರ್ಷ, ಆರು ಸಾವಿರ ಕಿ.ಮೀ.: ದಾವಣಗೆರೆಯಲ್ಲಿ ನನ್ನ ಏಳು ಗೇರಿನ ಸೈಕಲ್

2022ರ ಜುಲೈನಲ್ಲಿ 13,500 ರೂಪಾಯಿ ಕೊಟ್ಟು ತಂದ ಸೈಕಲ್ಲು. ಏಳು ಗೇರು, ಎರಡೂ ಗಾಲಿಗೆ ಡಿಸ್ಕ್ ಬ್ರೇಕ್. ವಿದ್ಯಾನಗರದ ಮನೆಯಿಂದ ಪಿ.ಬಿ. ರಸ್ತೆಯ ಆಫೀಸಿಗೆ ಹೋಗಿಬಂದರೆ ದಿನಕ್ಕೆ ಎಂಟು ಕಿ.ಮೀ. ತಂದ ವಾರಕ್ಕೇ ಬರೆಯೋ ವಿಮರ್ಶೆಯನ್ನ ನಾನೇ ನಂಬಲ್ಲ, ಹಾಗಾಗಿ ಇಷ್ಟು ದಿನ ಸುಮ್ಮನಿದ್ದೆ. ಈಗ ಮೀಟರು ಆರು ಸಾವಿರ ದಾಟಿದೆ.

ಗಾಡಿ ಗಟ್ಟಿ. ಫ್ರೇಮಿಗೆ ಏನೂ ಆಗಿಲ್ಲ. ಚೈನ್ ಒಂದು ಸಲ, ಬ್ರೇಕ್ ಪ್ಯಾಡ್ ಮೂರು ಸಲ, ಹಿಂದಿನ ಟಯರ್ ಒಂದು ಸಲ ಬದಲಾಯಿಸಿದ್ದೇನೆ. ಸೀಟು ಮಾತ್ರ ಕಲ್ಲು. ಮೊದಲ ತಿಂಗಳಲ್ಲೇ ಅಗಲದ್ದು ಹಾಕಿಸಿದೆ. ಮಡ್‌ಗಾರ್ಡು, ಕ್ಯಾರಿಯರ್ ಬೇರೆ ಕೊಳ್ಳಬೇಕು. ದಿನಾ ಕೆಲಸಕ್ಕೆ ಹೋಗೋರಿಗೆ ಅವೆರಡೂ ಇಲ್ಲದ ಸೈಕಲ್ ಮಾರೋದು ನನಗೆ ಸರಿ ಕಾಣಲ್ಲ. ಗೇರು ಏಳಿದ್ದರೂ ನಮ್ಮೂರ ಬಯಲಿಗೆ ಮೂರು ಸಾಕು.

ಪಂಚರ್ ಲೆಕ್ಕ ಇಟ್ಟಿದ್ದೇನೆ, ಹನ್ನೊಂದು. ಹೆಚ್ಚಿನವು ಕುಂದುವಾಡ ಕೆರೆ ಕಡೆ ಹೋದಾಗ ಚುಚ್ಚಿದ ಬಳ್ಳಾರಿ ಜಾಲಿ ಮುಳ್ಳಿನವು. ಒಮ್ಮೆ ಟ್ಯೂಬಿಗೆ ಪ್ಯಾಚ್ ಹಾಕಿಸಿದ ಮರುದಿನವೇ ಅದೇ ಜಾಗದಲ್ಲಿ ಗಾಳಿ ಹೋಯಿತು. ಪಂಚರ್ ಅಂಗಡಿಯ ಅಜ್ಜ ಟಯರ್ ಒಳಗೆ ಬೆರಳು ಆಡಿಸುತ್ತಾ ಹೋಗಿ, ಒಂದು ಕಡೆ ನಿಂತು, ಅಕ್ಕಿನುಚ್ಚಿನಷ್ಟು ಕರೀ ಮೊನೆ ಕಿತ್ತು ನನ್ನ ಅಂಗೈಗೆ ಇಟ್ಟರು. ಹೊರಗಿನಿಂದ ನೋಡಿದರೆ ಕಾಣುತ್ತಲೇ ಇರಲಿಲ್ಲ. ಅವತ್ತಿನಿಂದ ನಾನೂ ಟಯರ್ ಒಳಗೆ ಬೆರಳಾಡಿಸದೆ ಟ್ಯೂಬ್ ಹಾಕಿಸಲ್ಲ.

ಇದೇ ಆರು ಸಾವಿರ ಕಿ.ಮೀ.ನ ನನ್ನ ಸ್ಕೂಟರಿನಲ್ಲಿ ಓಡಿಸಿದ್ದರೆ, ಲೀಟರಿಗೆ 45ರ ಲೆಕ್ಕದಲ್ಲಿ 133 ಲೀಟರ್ ಪೆಟ್ರೋಲ್. ನೂರು ರೂಪಾಯಿ ಅಂತಿಟ್ಟುಕೊಂಡರೂ 13,300. ಸೈಕಲ್ಲಿನ ದುಡ್ಡು ಬಹುತೇಕ ಬಂತು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬರುತ್ತೆ, ಅಂದರೆ ಮುನ್ನೂರು ಕೆ.ಜಿ. ಗಾಳಿಗೆ ಸೇರಲಿಲ್ಲ.

ನಾನು ಬಿದ್ದಿದ್ದು ಒಂದೇ ಸಲ, ಅದರಲ್ಲಿ ಸೈಕಲ್ಲಿನ ತಪ್ಪಿಲ್ಲ. ವಿದ್ಯಾರ್ಥಿ ಭವನ ದಾಟಿದ ಮೇಲೆ ಬದಿಗೆ ನಿಂತಿದ್ದ ಕಾರಿನ ಬಾಗಿಲು ತಟ್ಟನೆ ತೆರೀತು. ಬಾಗಿಲಿನ ಅಂಚಿಗೆ ಹ್ಯಾಂಡಲ್ ಬಡಿದು ಗ್ರಿಪ್ಪು ಸೀಳಿತು, ನಾನು ಬಲಕ್ಕೆ, ರಸ್ತೆ ನಡುವಿಗೆ ಬಿದ್ದೆ. ಹಿಂದೆ ಬರ್ತಿದ್ದ ಆಟೋದವರು ಬ್ರೇಕ್ ಹಾಕಿದ್ದರಿಂದ ಇವತ್ತು ಬರೀತಿದ್ದೀನಿ. ಸೈಕಲ್ ಲೇನ್ ಅಂದರೆ ನಿಂತ ಕಾರುಗಳ ಪಕ್ಕ ಎಳೆದ ಬಿಳಿ ಗೆರೆ ಅನ್ನೋರಿಗೆ ಈ ಬಾಗಿಲಿನ ಕಥೆ ಹೇಳ್ತೀನಿ. ಕಾರು, ಸೈಕಲ್ ನಡುವೆ ಕಲ್ಲಿನ ಕಟ್ಟೆ ಬೇಕು, ಗೆರೆ ಸಾಲಲ್ಲ.

ನಮ್ಮ ಭಾವ ಒಪ್ಪಲ್ಲ. "ಸೈಕಲ್‌ಗೆ ಅಂತ ದಾರಿ ಬಿಟ್ರೆ ನಮ್ಮ ಕಾರು ಎಲ್ಲಿ ನಿಲ್ಸಾದು? ಇದೇನು ಹಾಲೆಂಡಾ?" ಅಂತಾರೆ. ಹಾಲೆಂಡೂ ಮೊದಲಿಂದ ಹಾಗಿರಲಿಲ್ಲ ಭಾವ, ಅಂದೆ. 1971ರಲ್ಲಿ ಅಲ್ಲಿ ರಸ್ತೆ ಮೇಲೆ ಸುಮಾರು 3,300 ಜನ ಸತ್ತರು, ಅದರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ತಂದೆತಾಯಂದಿರು ಬೀದಿಗಿಳಿದರು, 1973ರಲ್ಲಿ ತೈಲ ಬಿಕ್ಕಟ್ಟೂ ಬಂತು, ಆಮೇಲೆ ಸೈಕಲ್ಲಿಗೆ ದಾರಿ ಬಿಟ್ಟರು. ಭಾವನ ಒಂದು ಮಾತು ಮಾತ್ರ ನಿಜ: ಏಪ್ರಿಲ್ ಬಿಸಿಲಿಗೆ ಅತ್ತೆಯನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಕಾರೇ ಬೇಕು. ಅದಕ್ಕೆ ನನ್ನ ತಕರಾರಿಲ್ಲ. ಒಬ್ಬರೇ ಹಾಲು ತರೋಕೆ ಕಾರು ತೆಗೀತಾರಲ್ಲ, ತಕರಾರು ಅದಕ್ಕೆ.

ರಸ್ತೆಯ ಜಾಗ ವಾಹನಕ್ಕಲ್ಲ, ಜನಕ್ಕೆ ಹಂಚಬೇಕು ಅಂತ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯಲ್ಲೇ ಇದೆ. ನಮ್ಮ ರಾಜ್ಯದಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋದು ಶುರುವಾಗಿದ್ದೂ 2006-07ರಲ್ಲಿ. ಆ ಮಕ್ಕಳ ಕೈಗೆ ಸೈಕಲ್ ಬಂತು, ತುಳಿಯೋಕೆ ದಾರಿ ಬರಲಿಲ್ಲ.

ಸೈಕಲ್ಲಿಗೆ ಐದಕ್ಕೆ ನಾಲ್ಕು ಕೊಡ್ತೀನಿ. ಒಂದು ಕಳೆದಿದ್ದು ಸೀಟಿಗೆ, ಮಡ್‌ಗಾರ್ಡಿಗೆ. ಈ ವರ್ಷ ಮಗಳೂ ಎಂಟನೇ ಕ್ಲಾಸು. ಬೆಳಗ್ಗೆ ಅವಳೂ ತನ್ನ ಸೈಕಲ್ ತೆಗೆದು ನನ್ನ ಹಿಂದೆ ಬರ್ತಾಳೆ. ಗುಂಡಿ ಸರ್ಕಲ್ ಬಂದ ತಕ್ಷಣ ಇಬ್ಬರೂ ಇಳಿದು, ಸೈಕಲ್ ತಳ್ಳಿಕೊಂಡು ದಾಟ್ತೀವಿ.