ಉದ್ರಿ ಕೊಡುವ ಮುಂಚೆ ನೋಡುವ ಪುಟ: ಜಿಎಸ್‌ಟಿ ಪೋರ್ಟಲ್‌ನ ‘ಸರ್ಚ್ ಟ್ಯಾಕ್ಸ್‌ಪೇಯರ್’

ಹುಬ್ಬಳ್ಳಿಯಲ್ಲಿ ನಮ್ಮದು ಪಿವಿಸಿ ಪೈಪು, ಫಿಟಿಂಗ್ಸ್ ಹೋಲ್‌ಸೇಲ್ ಅಂಗಡಿ. ಹೊಸ ಗಿರಾಕಿ ಬಂದು “ಅಣ್ಣಾರ, ಮಾಲು ಕಳಸ್ರಿ, ತಿಂಗಳದಾಗ ರೊಕ್ಕ ಮುಟ್ಟಸ್ತೀನಿ” ಅಂದರೆ ಅಪ್ಪ ಚಹಾ ತರಿಸಿ ಊರು, ಮನೆತನ ಎಲ್ಲ ಕೇಳುತ್ತಿದ್ದರು. ನಾನು ಚಹಾ ಬರುವಷ್ಟರಲ್ಲಿ ಮೊಬೈಲಿನಲ್ಲಿ ಅವರ ಜಿಎಸ್‌ಟಿ ನಂಬರ್ ಹಾಕಿ ನೋಡಿಬಿಡುತ್ತೇನೆ. ಲಾಗಿನ್ ಬೇಡ, ಪುಕ್ಕಟೆ.

ನಂಬರ್ 29ರಿಂದ ಶುರುವಾದರೆ ಕರ್ನಾಟಕದ್ದು, ಅದರ ಮುಂದಿನ 10 ಅಕ್ಷರ ಪ್ಯಾನ್. ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ, ಯಾವತ್ತಿನಿಂದ ಇದೆ, ಯಾರ ಹೆಸರಿನಲ್ಲಿದೆ ಎಲ್ಲ ಬರುತ್ತದೆ. ನನಗೆ ಬೇಕಾದದ್ದು ಕೆಳಗಿನ ರಿಟರ್ನ್ ಪಟ್ಟಿ. ತಿಂಗಳ ತಿಂಗಳ 3ಬಿ (ಮಾರಾಟ, ತೆರಿಗೆಯ ಲೆಕ್ಕ ಕೊಡುವ ರಿಟರ್ನ್) ತುಂಬುವವರಿಗೆ 20ನೇ ತಾರೀಖು ಗಡುವು. ಪ್ರತಿ ಸಲ 27ಕ್ಕೆ, 29ಕ್ಕೆ ತುಂಬಿದ್ದು ಕಂಡರೆ ಕೈಯಲ್ಲಿ ರೊಕ್ಕ ಆಡುತ್ತಿಲ್ಲ ಅಂತ ನನ್ನ ಗುಮಾನಿ. ಉದ್ರಿ ಮುಳುಗಿದರೆ ಮಾಲಷ್ಟೇ ಹೋಗುವುದಿಲ್ಲ ನೋಡಿ. 1 ಲಕ್ಷದ ಪೈಪಿಗೆ 18 ಸಾವಿರ ತೆರಿಗೆ, ಗಿರಾಕಿ ಕೊಡಲಿ ಬಿಡಲಿ, ಬಿಲ್ ಹರಿದ ತಿಂಗಳೇ ನನ್ನ ಲೆಕ್ಕಕ್ಕೆ ಏರಿರುತ್ತದೆ.

ಆದರೆ ಇದನ್ನೇ ನಂಬಿ ಒಮ್ಮೆ ಕೆಟ್ಟಿದ್ದೇನೆ. ಗಿರಾಕಿಯೊಬ್ಬರ ಪಟ್ಟಿ ನೋಡಿದರೆ ಒಂದು ತಿಂಗಳೂ ತಪ್ಪಿರಲಿಲ್ಲ, ಆದರೂ ನನ್ನ 64 ಸಾವಿರ ಇನ್ನೂ ಬಂದಿಲ್ಲ. ರಿಟರ್ನ್ ತುಂಬುತ್ತಿದ್ದವರು ಅವರ ಆಡಿಟರ್! ಬೇರೆ ಅಂಗಡಿಯಲ್ಲಿ ಎಷ್ಟು ಬಾಕಿ ಇಟ್ಟಿದ್ದಾರೆ ಅನ್ನುವುದು ಈ ಪುಟಕ್ಕೆ ಗೊತ್ತಿಲ್ಲ. ವರ್ಷದ ವಹಿವಾಟು 40 ಲಕ್ಷ ದಾಟದ ಸಣ್ಣ ಅಂಗಡಿಯವರಿಗೆ ಎಷ್ಟೋ ಸಲ ನಂಬರೇ ಇರುವುದಿಲ್ಲ. ಈ ಪುಟಕ್ಕೆ ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ.

ಹೋದ ವಾರ ನವಲಗುಂದ ಕಡೆಯ ಹುಡುಗನೊಬ್ಬ 1 ಲಕ್ಷ 20 ಸಾವಿರದ ಮಾಲು ಕೇಳಿದ. ನೋಂದಣಿಗೆ ನಾಲ್ಕೇ ತಿಂಗಳು, ಅದೂ ತಾಯಿಯ ಹೆಸರಿನಲ್ಲಿ. ಪೋರ್ಟಲ್ ಮುಚ್ಚಿ, ಆ ಕಡೆ ಓಡಾಡುವ ಟೆಂಪೊ ಡ್ರೈವರ್‌ಗೆ ಫೋನ್ ಮಾಡಿದೆ. ಇದು ಅಪ್ಪನ ಉಪಾಯ: ಬಾಡಿಗೆ ಹೆಂಗ ಕೊಡ್ತಾನ?

“ಮಾಲು ಇಳಿಸೂದರಾಗ ಕೈಗೆ ಇಡ್ತಾನ್ರಿ. ಊಟಾನೂ ಹಾಕಸ್ತಾನ.”

60 ಸಾವಿರದ ಮಾಲು ಕಳಿಸಿದೆ, ಅರ್ಧ ನಗದು. ಉಳಿದರ್ಧಕ್ಕೆ ಇನ್ನೂ 11 ದಿನ ಇದೆ.