ಹೆಡ್‌ಲೈಟಿನ ಮಬ್ಬು ತೆಗೆಯುವ ಕಿಟ್: ಎರಡು ವರ್ಷದ ಅನುಭವ

ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವ ಹೊತ್ತಿಗೆ ಕತ್ತಲಾಗಿ ಮಳೆಯೂ ಹಿಡಿದರೆ, ರಸ್ತೆಯಂಚಿನ ಬಿಳಿ ಗೆರೆಯೊಂದೇ ನಮ್ಮನ್ನು ಕಾಯುವುದು. 2013ರಲ್ಲಿ ಕೊಂಡ ನನ್ನ ಕಾರಿನಲ್ಲಿ ಆ ಗೆರೆ ವರ್ಷದಿಂದ ವರ್ಷಕ್ಕೆ ಮಸುಕಾಗುತ್ತ ಬಂದಿತ್ತು. ಬಲ್ಬಿನ ಶಕ್ತಿ ಕುಂದಿದೆಯೆಂದು ಭಾವಿಸಿ ಎರಡು ಸಲ ಹೊಸ ಎಚ್4 ಬಲ್ಬ್ ಹಾಕಿಸಿದರೂ ವ್ಯತ್ಯಾಸವಾಗಲಿಲ್ಲ. ಒಂದು ಸಂಜೆ ದೀಪ ಹಚ್ಚಿಟ್ಟು ಮುಂದೆ ಕುಳಿತು ನೋಡಿದಾಗ, ಬೆಳಕು ಹೊರಕ್ಕೆ ನುಗ್ಗುವುದರ ಬದಲು ಹಳದಿ ತಿರುಗಿದ ಹೊದಿಕೆಯಲ್ಲಿಯೇ ಹರಡಿಕೊಂಡು ನಿಂತಿರುವುದು ಕಾಣಿಸಿತು. ಹೀಗೆ ಚದುರಿದ ಬೆಳಕು ನಮಗೆ ರಸ್ತೆಯನ್ನು ತೋರಿಸುವುದಿಲ್ಲ, ಎದುರಿನಿಂದ ಬರುವವರ ಕಣ್ಣಿಗೂ ಕುಕ್ಕುತ್ತದೆ.

ನಾವು ಗಾಜು ಎಂದು ಕರೆಯುವ ಆ ಹೊದಿಕೆ ಈಗಿನ ಕಾರುಗಳಲ್ಲಿ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಕಲ್ಲು ಬಡಿದರೂ ಸುಲಭಕ್ಕೆ ಒಡೆಯದಷ್ಟು ಗಟ್ಟಿಯಾದ ಈ ಪ್ಲಾಸ್ಟಿಕ್ಕಿಗೆ ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆದುಕೊಳ್ಳುವ ಶಕ್ತಿ ಕಡಿಮೆ. ಆದ್ದರಿಂದಲೇ ಕಾರ್ಖಾನೆಯಲ್ಲಿ ಅದರ ಮೇಲೆ ತೆಳುವಾದ ರಕ್ಷಣೆಯ ಲೇಪವೊಂದನ್ನು ಕೊಟ್ಟಿರುತ್ತಾರೆ. ವರ್ಷಗಳು ಕಳೆದಂತೆ ಆ ಲೇಪ ಸವೆದು, ಬಿರುಕುಬಿಟ್ಟು, ಅಲ್ಲಲ್ಲಿ ಮೀನಿನ ಪೊರೆಯಂತೆ ಎದ್ದಾಗ ಅಡಿಯ ಪ್ಲಾಸ್ಟಿಕ್ ಬಿಸಿಲಿಗೆ ಬೀಳುತ್ತದೆ. ಅಮೆರಿಕದ ವಾಹನ ಸವಾರರ ಸಂಘಟನೆಯಾದ ಎಎಎ 2018ರಲ್ಲಿ ಪ್ರಕಟಿಸಿದ ಪರೀಕ್ಷೆಯ ಪ್ರಕಾರ, ಹೀಗೆ ಮಂಕಾದ ದೀಪಗಳು ಹೊಸ ದೀಪದ ಶೇ. 20ರಷ್ಟು ಬೆಳಕನ್ನು ಮಾತ್ರ ಕೊಡುತ್ತಿದ್ದವು. ಉಜ್ಜಿ ಸರಿಪಡಿಸಿದ ಮೇಲೆ ಅದು ಸುಮಾರು ಶೇ. 70ಕ್ಕೆ ಏರಿತು.

ಹೊಸ ಹೆಡ್‌ಲೈಟ್ ಒಂದಕ್ಕೇ 3,800 ರೂಪಾಯಿ ಎಂದು ತಿಳಿದಾಗ, 1,150 ರೂಪಾಯಿಯ ಕಿಟ್ ಒಂದನ್ನು ತರಿಸಿದೆ. ಇದೇ ಬಗೆಯ ಸಾಮಾನು ಹಲವು ಹೆಸರುಗಳಲ್ಲಿ ಮಾರಾಟವಾಗುತ್ತಿರುವುದರಿಂದ ನನ್ನ ಮಾತುಗಳನ್ನು ಆ ಬಗೆಗೇ ಅನ್ವಯಿಸಿಕೊಳ್ಳಬಹುದು. ಪೆಟ್ಟಿಗೆಯಲ್ಲಿ 800, 1000, 2000 ಮತ್ತು 3000 ನಂಬರಿನ ವಾಟರ್ ಪೇಪರುಗಳು (ನೀರು ಹಾಕಿ ಉಜ್ಜುವ ಮರಳು ಕಾಗದ; ನಂಬರ್ ಹೆಚ್ಚಿದಷ್ಟೂ ನುಣುಪು), ಒಂದು ಸಣ್ಣ ಡಬ್ಬಿ ಪಾಲಿಶ್, ಒಂದು ಬಟ್ಟೆ, ಮಾಸ್ಕಿಂಗ್ ಟೇಪ್ ಮತ್ತು ಕೊನೆಯಲ್ಲಿ ಬಳಿಯಬೇಕಾದ ರಕ್ಷಕ ದ್ರವದ ಎರಡು ಪುಟ್ಟ ಪೊಟ್ಟಣಗಳಿದ್ದವು.

ಉಜ್ಜುವ ಕೆಲಸದ ಮಟ್ಟಿಗೆ ಈ ಕಿಟ್ಟನ್ನು ಮನಸಾರೆ ಮೆಚ್ಚುತ್ತೇನೆ. ಸುತ್ತಲಿನ ಬಣ್ಣಕ್ಕೆ ಗೀರು ಬೀಳದಂತೆ ಟೇಪನ್ನು ಎರಡು ಸುತ್ತು ಅಂಟಿಸಿ, ಬಕೆಟ್ಟಿನಲ್ಲಿ ನೀರಿಟ್ಟುಕೊಂಡು, 800ರ ಪೇಪರಿನಿಂದ ಅಡ್ಡಡ್ಡಲಾಗಿ ಉಜ್ಜಲಾರಂಭಿಸಿದೆ. ಮೊದಲು ಇಳಿದ ನೀರು ಅರಿಶಿನ ಬೆರೆತ ಹಾಲಿನಂತಿತ್ತು. ಹತ್ತು ನಿಮಿಷ ಬಿಡದೆ ಉಜ್ಜಿದ ಮೇಲೆ ಹಳದಿ ಹೋಗಿ, ಅಪ್ಪಟ ಬಿಳಿಯ ನೀರು ಇಳಿಯಿತು. ಹಳೆಯ ಲೇಪ ಪೂರ್ತಿ ಹೋಗಿದೆ ಎಂಬುದಕ್ಕೆ ಇದಕ್ಕಿಂತ ನಂಬಿಕೆಯ ಗುರುತು ಇಲ್ಲ, ಆದರೂ ಕಿಟ್ಟಿನ ಸೂಚನಾಪತ್ರದಲ್ಲಿ ಇದರ ಪ್ರಸ್ತಾಪವೇ ಇಲ್ಲ. ಆ ಹಂತದಲ್ಲಿ ದೀಪ ಒಣಗಿದಾಗ ಮೊದಲಿಗಿಂತಲೂ ಹೆಚ್ಚು ಮಬ್ಬಾಗಿ, ತಿಕ್ಕಿದ ಬಲ್ಬಿನ ಗಾಜಿನಂತೆ ಕಾಣುವುದರಿಂದ ಹೊಸಬರಿಗೆ ಎದೆ ಧಸಕ್ಕೆನ್ನುತ್ತದೆ. ಹೆದರಬೇಕಾಗಿಲ್ಲ. ಒಂದು ಹಿಡಿ ನೀರು ಚಿಮುಕಿಸಿದರೆ ಅದು ಕ್ಷಣದಲ್ಲಿ ತಿಳಿಯಾಗಿ ಒಳಗಿನ ಬಲ್ಬ್ ಕಾಣಿಸುತ್ತದೆ. ನೀರು ಆರಿದೊಡನೆ ಮತ್ತೆ ಬೆಳ್ಳಗಾಗುತ್ತದೆ. ಹೀಗಾದರೆ ಉಳಿದಿರುವುದು ಪೇಪರಿನ ಗೀರುಗಳು ಮಾತ್ರ ಎಂದರ್ಥ.

ಎಡಗಡೆಯ ದೀಪದಲ್ಲಿ ಅವಸರಪಟ್ಟು 1000 ನಂಬರನ್ನು ಬಿಟ್ಟು ನೇರವಾಗಿ 2000ಕ್ಕೆ ಹೋದೆ. ಪಾಲಿಶ್ ಮುಗಿದ ಮೇಲೆ ಓರೆಯಾಗಿ ನೋಡಿದರೆ 800ರ ಗೀರುಗಳು ಕೂದಲೆಳೆಗಳಂತೆ ಸಾಲುಸಾಲಾಗಿ ಉಳಿದಿದ್ದವು. ಹಿಂದಕ್ಕೆ ಹೋಗಿ ಮತ್ತೆ ಉಜ್ಜಲು ಒಂದು ಗಂಟೆ ಹಿಡಿಯಿತು. ಒಂದು ನಂಬರಿನಲ್ಲಿ ಅಡ್ಡಡ್ಡ ಉಜ್ಜಿದರೆ ಮುಂದಿನದರಲ್ಲಿ ಉದ್ದುದ್ದ ಉಜ್ಜಬೇಕು. ಆಗ ಹಿಂದಿನ ಗೀರು ಅಳಿದಿದೆಯೇ ಇಲ್ಲವೇ ಎಂಬುದು ತಾನಾಗಿ ಕಾಣುತ್ತದೆ. ಎರಡೂ ದೀಪಗಳಿಗೆ ಒಟ್ಟು ಮೂರೂವರೆ ಗಂಟೆ ಬೇಕಾಯಿತು. ಪೆಟ್ಟಿಗೆಯ ಮೇಲೆ ಮುದ್ರಿಸಿರುವ ‘30 ನಿಮಿಷ’ ಎಂಬ ಮಾತನ್ನು ಯಾರೂ ನಂಬಬೇಕಾಗಿಲ್ಲ.

ಅಂದು ರಾತ್ರಿ ಮನೆಯೆದುರಿನ ಕಾಂಪೌಂಡ್ ಗೋಡೆಯ ಮೇಲೆ ಬಿದ್ದ ಬೆಳಕಿನ ಅಂಚು ಎಷ್ಟು ಸ್ಪಷ್ಟವಾಗಿತ್ತೆಂದರೆ, ಮನೆಯವರನ್ನೆಲ್ಲ ಕರೆದು ತೋರಿಸಿದೆ. ಅಲ್ಲಿಗೇ ನಿಲ್ಲಿಸಿ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ಅಂಕ ಕೊಡುತ್ತಿದ್ದೆ. ಇಂಥ ಕಿಟ್‌ಗಳ ಬಗ್ಗೆ ಸಿಗುವ ಹೆಚ್ಚಿನ ಹೊಗಳಿಕೆಗಳು ಮೊದಲ ದಿನದವು ಎಂಬುದೇ ನನ್ನ ತಕರಾರು. ಉಜ್ಜುವುದೆಂದರೆ ಕಾರ್ಖಾನೆಯ ಲೇಪದಲ್ಲಿ ಉಳಿದಿದ್ದುದನ್ನೂ ತೆಗೆದುಹಾಕುವುದು. ಆಮೇಲೆ ಮೇಲೊಂದು ಗಟ್ಟಿ ಲೇಪ ಬೀಳದಿದ್ದರೆ ಬರಿಯ ಪ್ಲಾಸ್ಟಿಕ್ಕನ್ನು ಬಿಸಿಲಿಗೆ ಒಡ್ಡಿದಂತಾಗುತ್ತದೆ. ಟೂತ್‌ಪೇಸ್ಟ್ ಹಚ್ಚಿ ತಿಕ್ಕಿದ ಹೊಳಪು ಕೆಲವೇ ವಾರಗಳಲ್ಲಿ ಮಾಯವಾಗುವುದಕ್ಕೂ ಇದೇ ಕಾರಣ. ಮೈಗೆ ಹಚ್ಚುವ ಸೊಳ್ಳೆ ನಿವಾರಕ ದ್ರವ ಬಳಿಯುವ ಉಪಾಯವಂತೂ ಕೆಟ್ಟದ್ದು. ಅಂಥ ಹಲವು ದ್ರವಗಳಲ್ಲಿರುವ ಡೀಟ್ ಎಂಬ ರಾಸಾಯನಿಕ ಪ್ಲಾಸ್ಟಿಕ್ಕಿನ ಮೇಲ್ಪದರವನ್ನೇ ಕರಗಿಸುತ್ತದೆ.

ಈ ಕಿಟ್ಟು ಸೋತದ್ದು ಇಲ್ಲಿಯೇ. ಪೊಟ್ಟಣದ ರಕ್ಷಕ ದ್ರವ ಒಂದು ದೀಪಕ್ಕೆ ಕಷ್ಟದಿಂದ ಸಾಕಾಯಿತು. ಬಟ್ಟೆಯನ್ನು ಎರಡನೆಯ ಸಲ ಆಡಿಸುವಷ್ಟರಲ್ಲಿ ಮೊದಲಿನದು ಒಣಗಿ ಪಟ್ಟೆಗಳಾದವು. ಮಾರ್ಚ್ 2024ರಲ್ಲಿ ಮಾಡಿದ ಕೆಲಸ ಒಂದು ಬೇಸಿಗೆ, ಒಂದು ಮಳೆಗಾಲ ಕಂಡಿತು. ನವೆಂಬರಿನಲ್ಲಿ, ಬಿಸಿಲು ನೆಟ್ಟಗೆ ಬೀಳುವ ಮೇಲಂಚಿನಿಂದಲೇ ಮಬ್ಬು ಮತ್ತೆ ಹರಡತೊಡಗಿತು. ಪಡುವಣ ಬಿಸಿಲು ತಾಗುವ ಎಡದೀಪದಲ್ಲಿ ಅದು ಹೆಚ್ಚಾಗಿತ್ತು.

ಆಗ ನಮ್ಮೂರಿನ ಟಿಂಕರಿಂಗ್ ಶೆಡ್ಡಿನ ಪೇಂಟರ್ ಒಬ್ಬರು ದಾರಿ ತೋರಿಸಿದರು: ಕ್ಲಿಯರ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಲೇಪ, ಹಾಕಿಸುವುದು. “ಸರ್, ಪಾಲಿಶ್ ಮಾಡಿಕೊಂಡು ಬರಬೇಡಿ. ಸಾವಿರದ ಪೇಪರ್ ಹೊಡೆದು ಹಾಗೇ ತನ್ನಿ, ಕ್ಲಿಯರ್ ಕಚ್ಚಿಕೊಳ್ಳೋಕೆ ಗೀರು ಬೇಕು” ಎಂದರು. ಅವರು ಮೇಲ್ಮೈಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಹಾರ್ಡನರ್ ಎಂಬ ಗಟ್ಟಿಯಾಗಿಸುವ ದ್ರವ ಬೆರೆಸಿದ ಟೂ-ಕೆ (ಎರಡು ಭಾಗಗಳ) ಕ್ಲಿಯರ್ ಕೋಟನ್ನು ತೆಳುವಾಗಿ ಎರಡು ಸಲ ಸ್ಪ್ರೇ ಮಾಡಿದರು. ಬೆಳ್ಳಗೆ ಗೀರುಗಟ್ಟಿದ್ದ ದೀಪ ಮೊದಲ ಕೋಟ್ ಬೀಳುತ್ತಿದ್ದಂತೆ, ಅಂದು ನೀರು ಚಿಮುಕಿಸಿದಾಗ ಆಗಿದ್ದಂತೆಯೇ, ತಿಳಿಯಾಯಿತು. ಈ ಸಲ ಆರಿದ ಮೇಲೂ ಹಾಗೆಯೇ ಉಳಿಯಿತು. ಎರಡಕ್ಕೂ ಸೇರಿ 600 ರೂಪಾಯಿ ತೆಗೆದುಕೊಂಡರು. ಈ ಸ್ಪ್ರೇಯನ್ನು ಮನೆಯಲ್ಲಿ ಮಾಡಿಕೊಳ್ಳಲು ನಾನು ಯಾರಿಗೂ ಹೇಳಲಾರೆ. ಹಾರ್ಡನರಿನಲ್ಲಿರುವ ಐಸೊಸಯನೇಟ್ ಉಸಿರಿಗೆ ಸೇರಿದರೆ ಆಸ್ತಮಾ ತರಬಲ್ಲದು, ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ.

ಕಿಟ್ ಕೊಳ್ಳುವ ಮುನ್ನ ದೀಪದ ಮೇಲೆ ನೀರು ಹಾಕಿ ನೋಡಿ. ಒದ್ದೆಯಾದಾಗ ಸ್ವಲ್ಪವಾದರೂ ತಿಳಿಯಾದರೆ ಮಬ್ಬು ಹೊರಗಿನದು. ಒಳಗೆ ಹನಿಗಟ್ಟುತ್ತಿದ್ದರೆ, ಇಲ್ಲವೇ ಹಿಂದಿನ ಬೆಳ್ಳಿಬಣ್ಣದ ಪ್ರತಿಫಲಕವೇ ಕಪ್ಪಾಗಿದ್ದರೆ, ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ. ಮಬ್ಬು ಹೊರಗಿನದಾದರೂ ಪೂರ್ತಿ ಕಿಟ್ಟಿನ ಅಗತ್ಯ ಕಡಿಮೆಯೇ: ಬಣ್ಣದಂಗಡಿಯಲ್ಲಿ 800 ಮತ್ತು 1000ದ ವಾಟರ್ ಪೇಪರ್ ಬಿಡಿಯಾಗಿ ಕೊಂಡು, ಮನೆಯಲ್ಲಿ ಉಜ್ಜಿ, ಲೇಪವನ್ನು ಶೆಡ್ಡಿನಲ್ಲಿ ಹಾಕಿಸಿದರೆ ಕಿಟ್ಟಿಗಿಂತ ಕಡಿಮೆ ಖರ್ಚಿನಲ್ಲಿ ಕೆಲಸ ಮುಗಿಯುತ್ತದೆ. ಹತ್ತಿರದಲ್ಲಿ ಅಂಥ ಪೇಂಟರ್ ಇಲ್ಲದವರು, ಎಂಟು ತಿಂಗಳಿಗೊಮ್ಮೆ ಮತ್ತೆ ಉಜ್ಜಲು ಸಿದ್ಧರಿರುವವರು ಕಿಟ್ಟನ್ನೇ ಕೊಳ್ಳಬಹುದು. ನಾನು ಅದಕ್ಕೆ ಐದರಲ್ಲಿ ಮೂರು ಅಂಕ ಕೊಡುತ್ತೇನೆ.

ಕ್ಲಿಯರ್ ಕೋಟ್ ಬಿದ್ದು ಈಗ ಹದಿನಾಲ್ಕು ತಿಂಗಳಾಯಿತು. ಎಡದೀಪದ ಮೇಲಂಚನ್ನು ಪ್ರತಿ ಭಾನುವಾರ ಕಾರು ತೊಳೆಯುವಾಗ ಬೆರಳಿನಿಂದ ಸವರಿ ನೋಡುತ್ತೇನೆ, ಇನ್ನೂ ನುಣ್ಣಗಿದೆ. ಕಾರಿನ ಮೂತಿಯನ್ನು ಪಡುವಣದ ಬದಲು ಗೋಡೆಯ ಕಡೆಗೆ ತಿರುಗಿಸಿ ನಿಲ್ಲಿಸುವ ಅಭ್ಯಾಸವನ್ನೂ ಮಾಡಿಕೊಂಡಿದ್ದೇನೆ.